ನಮಗೆ ಬೇಕಾದ ಕಟೌಟ್ ಬೇರೆ!

ಕಟೌಟ್ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬಂದು ನಿಲ್ಲುತ್ತದೆ ಎಂದು ನಮಗೆ ಗೊತ್ತು. ಥಿಯೇಟರಿನ ಮುಂದೆ ಮುಗಿಲೆತ್ತರದ ನಾಯಕ, ಕೊರಳಿಗೆ ಸೇಬಿನ ಹಾರ, ತಲೆಯ ಮೇಲೆ ಹಾಲಿನ ಅಭಿಷೇಕ, ಕೆಳಗೆ ತಮಟೆ. ತಪ್ಪೇನಿಲ್ಲ, ಅಭಿಮಾನ ಇರಬೇಕು. ಆದರೆ 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಏನಾಯಿತು, ನೆನಪಿದೆಯೇ? ಮೆಚ್ಚಿನ ನಟನ ಹುಟ್ಟುಹಬ್ಬಕ್ಕೆಂದು ರಾತ್ರಿ ಕಟೌಟ್ ಎತ್ತುತ್ತಿದ್ದ ಹುಡುಗರಿಗೆ ವಿದ್ಯುತ್ ಲೈನು ತಗುಲಿತು. ಮೂವರು ಸತ್ತರು. ನಿಮ್ಮದೇ ವಯಸ್ಸಿನವರು. ಕರೆಂಟಿಗೆ ಅಭಿಮಾನಿ ಯಾರು, ನಾಯಕ ಯಾರು ಎಂಬ ಭೇದವಿಲ್ಲ.

ಇವತ್ತು ನಾವು ಹೇಳಹೊರಟಿರುವುದು ಇನ್ನೊಂದು ಕಟೌಟಿನ ಕತೆ. ಅದಕ್ಕೆ ಹಾರ ಇಲ್ಲ, ಹಾಲಿಲ್ಲ. ಅಂಗೈಯಗಲದ ಒಂದು ಪೆಟ್ಟಿಗೆ, ಒಳಗೊಂದು ಫ್ಯೂಸು. ಕಂಬದಿಂದ ಬಂದ ಸರ್ವಿಸ್ ವೈರು ನಿಮ್ಮ ಮನೆಯ ಮೀಟರಿಗೆ ಸೇರುವ ಮುಂಚೆ ಗೋಡೆಯ ಮೇಲೆ ಕೂತಿರಬೇಕಾದ ವಸ್ತು. ವಿದ್ಯುತ್ ಕೆಲಸದವರು ಇದನ್ನೂ ಕಟೌಟ್ ಎಂದೇ ಕರೆಯುತ್ತಾರೆ. ಆ ಫ್ಯೂಸನ್ನು ಕಿತ್ತರೆ ಮನೆ ಪೂರ್ತಿ ನಿರ್ಜೀವ. ಹಾಕಿದರೆ ಜೀವ. ಇಷ್ಟು ಸಣ್ಣ ವಸ್ತು ಇಲ್ಲದೆ ನಮ್ಮ ನಾಡಿನ ಎಲೆಕ್ಟ್ರಿಷಿಯನ್‌ಗಳು ಪಡುತ್ತಿರುವ ಪಾಡು ಯಾವ ಪತ್ರಿಕೆಗೂ ಸುದ್ದಿಯಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಕೊಂಡ್ಲಹಳ್ಳಿಯ ಒಂದು ಮನೆ

ಚಳ್ಳಕೆರೆ ದಾಟಿ ಬಳ್ಳಾರಿ ಕಡೆಗೆ ಹೊರಟರೆ ಸಿಗುವ ಸೀಮೆ ಮೊಳಕಾಲ್ಮೂರು. ಆಚೆ ಆಂಧ್ರದ ರಾಯದುರ್ಗ. ಮಳೆ ಕಡಿಮೆ, ಶೇಂಗಾ ಹೆಚ್ಚು, ಬಿಸಿಲು ಧಾರಾಳ. ಮೊಳಕಾಲ್ಮೂರು ರೇಷ್ಮೆ ಸೀರೆಯ ಹೆಸರು ಕೇಳಿದವರಿಗೆ ಆ ಸೀಮೆಯ ಕೊಂಡ್ಲಹಳ್ಳಿಯ ಹೆಸರು ಗೊತ್ತಿರಲಿಕ್ಕಿಲ್ಲ. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕೂತು ಇದನ್ನು ಓದುತ್ತಿರುವ ನಿಮ್ಮ ಅಪ್ಪ ಅಮ್ಮ ಅಂಥ ಒಂದು ಊರಿನಲ್ಲಿದ್ದಾರೆ ಎಂದು ಇಟ್ಟುಕೊಳ್ಳಿ. ನಿಮ್ಮಲ್ಲಿ ಅರ್ಧ ಜನಕ್ಕೆ ಇಟ್ಟುಕೊಳ್ಳುವ ಅಗತ್ಯವೂ ಇಲ್ಲ, ನಿಜವಾಗಿಯೂ ಇದ್ದಾರೆ!

ಮನೆ ಹಳೆಯದು. ಮಣ್ಣಿನ ಮಾಳಿಗೆ. ತಾತನ ಕಾಲದಲ್ಲಿ ಒಂದು ಬಲ್ಬಿಗೆಂದು ಎಳೆದ ವೈರು, ತೇಗದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಕೂರಿಸಿದ್ದು. ಆಮೇಲೆ ರೇಡಿಯೋ ಬಂತು, ಫ್ಯಾನ್ ಬಂತು, ಟಿವಿ ಬಂತು, ಮಿಕ್ಸಿ ಬಂತು. ಈಗ ಫ್ರಿಜ್ಜು, ಗೀಸರು. ಎಲ್ಲಕ್ಕೂ ಅದೇ ವೈರಿನ ಬಾಲ ಹಿಡಿದು ಒಂದೊಂದು ಜಾಯಿಂಟು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ಟಿನೊಳಗಿನ ಎಷ್ಟೋ ಮನೆಗಳಿಗೆ ಬಿಲ್ಲು ಸೊನ್ನೆಯಾಯಿತು. ಸಂತೋಷ. ಆದರೆ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ವೈರು ಹೊಸದಾಗುವುದಿಲ್ಲ. ಮಾಳಿಗೆ ಸೋರಿದಾಗ ಗೋಡೆ ಮುಟ್ಟಿದರೆ ಜುಂ ಎನ್ನುತ್ತದೆ. ಅಮ್ಮ ಫೋನಿನಲ್ಲಿ ಹೇಳುತ್ತಾರೆ. ನೀವು ಸಂಬಳ ಬಂದ ದಿನ ದುಡ್ಡು ಕಳಿಸಿ, "ಅಪ್ಪಾ, ಮೊದಲು ವೈರಿಂಗ್ ಮಾಡಿಸು" ಎನ್ನುತ್ತೀರಿ.

ಕರ್ತವ್ಯ ಮುಗಿಯಿತು ಎಂದು ನೀವು ಅಂದುಕೊಂಡಿರಿ. ಎಲೆಕ್ಟ್ರಿಷಿಯನ್ನನ ಕರ್ತವ್ಯ ಅಲ್ಲಿಂದ ಶುರು.

ಮೇನ್ ಆಫ್ ಮಾಡಿದರೆ ಸಾಲದೇ?

ಬೆಳಿಗ್ಗೆ ಎಂಟಕ್ಕೇ ಅವನು ಬರುತ್ತಾನೆ. ಡ್ರಿಲ್ಲು, ಪೈಪು, ಹೊಸ ವೈರಿನ ಸುರುಳಿ, ಜೊತೆಗೊಬ್ಬ ಹುಡುಗ. ಮೇನ್ ಸ್ವಿಚ್ ಆಫ್ ಮಾಡುತ್ತಾನೆ. ಒಳಗಿನ ಕೋಣೆಗಳಿಗೆ ಕರೆಂಟು ಹೋಯಿತು. ಇಲ್ಲಿಯವರೆಗೆ ಸರಿ.

ಆದರೆ ಬದಲಾಯಿಸಬೇಕಾದುದು ಆ ಮೇನ್ ಸ್ವಿಚ್ಚನ್ನೇ! ಹಳೆಯ ಕಬ್ಬಿಣದ ಡಬ್ಬಿ, ಹಿಡಿಕೆ ಸಡಿಲ, ಒಳಗಿನ ಕಿಟ್‌ಕ್ಯಾಟ್ ಫ್ಯೂಸಿನ ಪಿಂಗಾಣಿ ಒಡೆದಿದೆ. ಫ್ಯೂಸ್ ವೈರಿನ ಜಾಗದಲ್ಲಿ ಯಾರೋ ಪುಣ್ಯಾತ್ಮ ತಾಮ್ರದ ಎಳೆ ಸುತ್ತಿ ಹೋಗಿದ್ದಾನೆ. ಅದನ್ನು ಕಿತ್ತು ಎಂಸಿಬಿ ಬಾಕ್ಸು ಕೂರಿಸಬೇಕು. ಮೇನ್ ಆಫ್ ಆದರೂ ಅದರ ಮೇಲ್ಭಾಗದ ತುದಿಗಳಿಗೆ ಮೀಟರಿನಿಂದ ಬರುವ 230 ವೋಲ್ಟು ಹಾಗೇ ಇದೆ. ಮೀಟರಿಗೆ ಕಂಪನಿಯ ಸೀಲು. ಮೀಟರಿನ ಹಿಂದೆ ಸರ್ವಿಸ್ ವೈರು. ಅದರ ಹಿಂದೆ ನೇರವಾಗಿ ಕಂಬ. ನಡುವೆ ಕಟೌಟ್ ಎಲ್ಲಿ? ಹಳೆಯ ಮನೆಗಳ ಮುಂದೆ ನಿಂತು ಹುಡುಕಿ ನೋಡಿ. ಒಂದೋ ಇಲ್ಲವೇ ಇಲ್ಲ, ಇದ್ದರೆ ತುಕ್ಕು ಹಿಡಿದು ಹಿಡಿಕೆ ಕೈಗೇ ಬರುವಂತಿದೆ.

ಈಗ ಅವನಿಗೆ ನಾಲ್ಕು ದಾರಿ.

ಒಂದು: ಲೈನ್‌ಮನ್‌ಗೆ ಹೇಳಿ ಕಂಬದಲ್ಲಿ ಬಿಚ್ಚಿಸುವುದು. ಸರಿಯಾದ ದಾರಿ ಇದೊಂದೇ.

ಎರಡು: ಸೀಲು ಒಡೆಯುವುದು. ಮೀಟರಿಗೆ ಕೈಹಾಕಿದ ಎಂಬ ಆಪಾದನೆ ಬಂದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೇ ಕಲಮು ಕಾದು ಕೂತಿದೆ. ಕರೆಂಟು ಕದಿಯುವ ಯೋಚನೆಯೇ ಇಲ್ಲದವನು ಕಳ್ಳನ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಮೂರು: ತಾನೇ ಏಣಿ ಇಟ್ಟು ಕಂಬ ಹತ್ತುವುದು. ಕಾನೂನಿಗೂ ವಿರುದ್ಧ, ಆಯಸ್ಸಿಗೂ ವಿರುದ್ಧ.

ನಾಲ್ಕು: ಮರದ ಸ್ಟೂಲು, ಕಾಲಿಗೆ ರಬ್ಬರ್ ಚಪ್ಪಲಿ, ಒಂದು ಕೈ ಜೇಬಿನಲ್ಲಿ, ದೇವರ ಮೇಲೆ ಭಾರ. ಜೀವಂತ ತಂತಿಯಲ್ಲೇ ಕೆಲಸ.

ಹೇಳಿ, ದಿನಗೂಲಿಯ ಮೇಲೆ ಬದುಕುವವನು ಯಾವ ದಾರಿ ಹಿಡಿಯುತ್ತಾನೆ?

"ಒಂದು ಕರೆಂಟು ತೆಗೆಸೋಕಾಗಲ್ವೇನಪ್ಪಾ?"

ಮೊದಲು ಅವನು ಸರಿಯಾದ ದಾರಿಯನ್ನೇ ಹಿಡಿಯುತ್ತಾನೆ. ಫೋನು ಮಾಡುತ್ತಾನೆ. ಲೈನ್‌ಮನ್ ಇನ್ನೊಂದು ಹಳ್ಳಿಯಲ್ಲಿದ್ದಾನೆ, ಗಾಳಿಗೆ ಮರ ಬಿದ್ದಿದೆ. "ಮಧ್ಯಾಹ್ನ ಬರ್ತೀನಣ್ಣ." ಮಧ್ಯಾಹ್ನ ಟಿಸಿ ಸುಟ್ಟಿದೆ. "ಸಂಜೆ ನೋಡಾನ." ಸಂಜೆ ಕತ್ತಲಾಯಿತು. ಮನೆಯಾಕೆ ಹೊಸ್ತಿಲಲ್ಲಿ ನಿಂತು ಕೇಳುತ್ತಾರೆ: "ಏನಪ್ಪಾ, ಒಂದು ಕರೆಂಟು ತೆಗೆಸೋಕಾಗಲ್ವೇನಪ್ಪಾ ನಿನ್ ಕೈಲಿ? ಇವತ್ತೂ ಮುಗಿಯಲ್ವಾ?" ಅವನು ಏನು ಹೇಳಬೇಕು? "ತೆಗೆಸೋದೇ ಕಷ್ಟ ಕಣಕ್ಕಾ, ಹಾಕೋದು ಸುಲಭ."

ಆ ಮಾತು ಇಡೀ ವ್ಯವಸ್ಥೆಯ ಜಾತಕ.

ಅವನಿಗೆ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಬಂದ ಹುಡುಗನಿಗೂ ಕೊಡಬೇಕು. ನಾಳೆ ಬೇರೆ ಮನೆಗೆ ಮಾತು ಕೊಟ್ಟಿದ್ದಾನೆ. ಅಲ್ಲಿಗೆ ಹೋಗದಿದ್ದರೆ ಸುಳ್ಳುಗಾರ, ಇಲ್ಲಿಗೆ ಬರದಿದ್ದರೆ ಮೋಸಗಾರ. ಹೀಗಾಗಿ ಮೂರನೆಯ ದಿನ ಅವನು ನಾಲ್ಕನೆಯ ದಾರಿ ಹಿಡಿಯುತ್ತಾನೆ. ನೂರು ಸಲ ಬದುಕುತ್ತಾನೆ. ನೂರ ಒಂದನೆಯ ಸಲ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2021ರ ಒಂದೇ ವರ್ಷ ಭಾರತದಲ್ಲಿ ವಿದ್ಯುತ್ ಆಘಾತದಿಂದ ಸತ್ತವರು 12 ಸಾವಿರಕ್ಕೂ ಹೆಚ್ಚು. ಅದರಲ್ಲಿ ರೈತರಿದ್ದಾರೆ, ಮಕ್ಕಳಿದ್ದಾರೆ, ವೈರಿಂಗ್ ಕೆಲಸದವರೂ ಇದ್ದಾರೆ.

ಹಾಗೆಂದು ಲೈನ್‌ಮನ್ನನ್ನು ಬೈದು ಕೈತೊಳೆದುಕೊಳ್ಳಬೇಡಿ. ಈಗ ಇಲಾಖೆಯ ಕಾಗದದಲ್ಲಿ ಅವನ ಹೆಸರು ಪವರ್‌ಮ್ಯಾನ್. ಹೆಸರಿನಲ್ಲಿ ಮಾತ್ರ ಪವರ್! ಅವನೊಬ್ಬ, ಹಳ್ಳಿ ಹಲವು. ಒಂದು ಮನೆಯ ವೈರು ಬಿಚ್ಚಲು ಅವನು ಕಂಬ ಹತ್ತಬೇಕಾದರೆ ಮೊದಲು ಟಿಸಿ ಆಫ್ ಮಾಡಬೇಕು. ಆಗ ಬೀದಿಗೆ ಬೀದಿಯೇ ಕತ್ತಲು. ಹಿಟ್ಟಿನ ಗಿರಣಿ ನಿಂತಿತು, ಟಿವಿ ಹೋಯಿತು ಎಂದು ಹತ್ತು ಜನ ಜಗಳಕ್ಕೆ ಬರುತ್ತಾರೆ. ಯಾರದೋ ಮನೆಯ ಜನರೇಟರು ಸರಿಯಾದ ಚೇಂಜ್‌ಓವರ್ ಇಲ್ಲದೆ ಓಡುತ್ತಿದ್ದರೆ ಅದರ ಕರೆಂಟು ಹಿಮ್ಮುಖವಾಗಿ ಲೈನಿಗೆ ನುಗ್ಗುತ್ತದೆ. ಟಿಸಿಯ ಮೂಲಕ ಹಿಂದೆ ಹೋದರೆ 230 ವೋಲ್ಟು 11 ಸಾವಿರದತ್ತ ಏರುತ್ತದೆ. ಸತ್ತ ಲೈನು ಎಂದು ಮುಟ್ಟಿದವನನ್ನು ಅದು ಬಿಡುವುದಿಲ್ಲ. ಕಂಬದ ಮೇಲಿರುವವನೂ ಕನ್ನಡದ ತಾಯಿಯೊಬ್ಬಳ ಮಗ, ಕೆಳಗೆ ಸ್ಟೂಲಿನ ಮೇಲಿರುವವನೂ ಕನ್ನಡದ ತಾಯಿಯೊಬ್ಬಳ ಮಗ. ಇಬ್ಬರನ್ನು ಜಗಳಕ್ಕೆ ಬಿಟ್ಟು ವ್ಯವಸ್ಥೆ ನಿದ್ದೆ ಮಾಡುತ್ತಿದೆ.

ಕಾನೂನಿನಲ್ಲಿ ಇದೆ, ಗೋಡೆಯ ಮೇಲೆ ಇಲ್ಲ

ಈಗ ನಿಜವಾಗಿ ಸಿಟ್ಟು ಬರುವ ವಿಷಯ ಕೇಳಿ.

ಗ್ರಾಹಕನ ಜಾಗದಲ್ಲಿ, ಕೈಗೆ ಎಟಕುವ ಕಡೆ, ಬೆಂಕಿ ತಾಗದ ಪೆಟ್ಟಿಗೆಯೊಳಗೆ ಕಟೌಟ್ ಇಡಬೇಕು, ಅದನ್ನು ಇಡಬೇಕಾದವರು ವಿದ್ಯುತ್ ಕೊಡುವವರೇ ಎಂದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ಹೇಳಿದ್ದವು. 1956! ಕರ್ನಾಟಕ ಏಕೀಕರಣವಾದ ವರ್ಷ. ಆ ನಿಯಮಗಳ ಜಾಗಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ 2010ರಲ್ಲಿ ಬಂತು. ಅದರಲ್ಲೂ ಈ ಮಾತು ಇತ್ತು. 2023ರಲ್ಲಿ ಮತ್ತೆ ಹೊಸ ನಿಯಮಾವಳಿ ಬಂತು. ನಾಡು ಒಂದಾದ ವರ್ಷದಲ್ಲಿ ಬರೆದ ಮಾತು ಇಂದಿಗೂ ಎಷ್ಟೋ ಮನೆಗಳ ಗೋಡೆ ತಲುಪಿಲ್ಲ.

ಈ ನಡುವೆ ಏನೇನಾಯಿತು? 1957ರಲ್ಲಿ ವಿದ್ಯುತ್ ಮಂಡಳಿ ಬಂತು. ಅದು 1999ರಲ್ಲಿ ಕೆಪಿಟಿಸಿಎಲ್ ಆಯಿತು. 2002ರಲ್ಲಿ ಅದು ಒಡೆದು ಬೆಸ್ಕಾಂ ಮುಂತಾದ ಕಂಪನಿಗಳಾದವು. ಚಿತ್ರದುರ್ಗ ಜಿಲ್ಲೆ ಬೆಸ್ಕಾಂ ಪಾಲಿಗೆ ಬಂತು. ನಮ್ಮ ಜನ ಮಾತ್ರ ಇವತ್ತಿಗೂ "ಕೆಇಬಿಯವರು" ಎಂದೇ ಕರೆಯುತ್ತಾರೆ. ಬೋರ್ಡು ಬದಲಾಯಿತು, ಲೆಟರ್‌ಹೆಡ್ ಬದಲಾಯಿತು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಹರಿಸಿದ ನಾಡಿದು. ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ. ಇಷ್ಟು ಕರೆಂಟು ಹುಟ್ಟಿಸಲು ಗೊತ್ತಿರುವ ನಾಡಿಗೆ ಒಂದು ಮನೆಯ ಕರೆಂಟನ್ನು ಒಂದು ದಿನ ನಿಲ್ಲಿಸಲು ಗೊತ್ತಿಲ್ಲ!

ಇದು ನಮ್ಮೊಬ್ಬರ ರೋಗವೂ ಅಲ್ಲ. ಇಂಗ್ಲೆಂಡಿನಲ್ಲೂ ಮನೆಯ ಸರ್ವಿಸ್ ಫ್ಯೂಸಿಗೆ ಸೀಲು ಇರುತ್ತದೆ. ಅಲ್ಲಿನ ಎಲೆಕ್ಟ್ರಿಷಿಯನ್ನರೂ ಕಂಪನಿಯವರಿಗಾಗಿ ಕಾದು ಗೊಣಗುತ್ತಾರೆ. ಅದಕ್ಕೆ ಅಲ್ಲಿ ಕಂಡುಕೊಂಡ ಮದ್ದು ಸರಳ: ಮೀಟರ್ ಆದ ಕೂಡಲೇ ಒಂದು ಐಸೊಲೇಟರ್ ಸ್ವಿಚ್ಚು.

ಕಳ್ಳತನದ ಭಯವೇ?

"ಎಲ್ಲರ ಕೈಗೆ ಕಟೌಟ್ ಕೊಟ್ಟರೆ ಕರೆಂಟು ಕದಿಯುತ್ತಾರೆ" ಎಂಬ ಮಾತು ಬರುತ್ತದೆ. ಆ ಭಯ ಪೂರ್ತಿ ಸುಳ್ಳಲ್ಲ, ಒಪ್ಪೋಣ. ಆದರೆ ಸ್ವಲ್ಪ ಬುದ್ಧಿ ಉಪಯೋಗಿಸಿ.

ಮೀಟರಿಗಿಂತ ಮೊದಲಿನ ಕಟೌಟಿಗೆ ಕಂಪನಿ ಸೀಲು ಹಾಕಿಕೊಳ್ಳಲಿ. ಅದು ಪವರ್‌ಮ್ಯಾನ್‌ಗೆ. ಅವನು ಕಂಬ ಹತ್ತಬೇಕಿಲ್ಲ, ಟಿಸಿ ನಿಲ್ಲಿಸಬೇಕಿಲ್ಲ. ನೆಲದ ಮೇಲೆ ನಿಂತು ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಹೋದರೆ ಆಯಿತು. ಮೀಟರ್ ಆದ ನಂತರದ ಐಸೊಲೇಟರ್ ಎಲೆಕ್ಟ್ರಿಷಿಯನ್‌ಗೆ. ಅಲ್ಲಿಂದ ಮುಂದೆ ಹರಿಯುವ ಕರೆಂಟೆಲ್ಲ ಮೀಟರಿನ ಲೆಕ್ಕಕ್ಕೆ ಬಂದಾಗಿದೆ. ಅದನ್ನು ಆಫ್ ಮಾಡಿ ಯಾವ ಕಳ್ಳ ಏನು ಕದಿಯುತ್ತಾನೆ? ಕತ್ತಲೆಯನ್ನೇ?

ಆ ಐಸೊಲೇಟರ್ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕತ್ತರಿಸುವಂತಿರಬೇಕು. ಯಾಕೆಂದರೆ ಮಳೆಗಾಳಿಗೆ ಕಿತ್ತುಹೋದ ಸರ್ವಿಸ್ ವೈರನ್ನು ಕತ್ತಲಲ್ಲಿ ಮತ್ತೆ ಕಟ್ಟುವಾಗ ಎರಡೂ ಅದಲು ಬದಲಾಗುವುದುಂಟು. ನ್ಯೂಟ್ರಲ್ ಎಂದು ಮುಟ್ಟಿದ್ದು ಫೇಸ್ ಆಗಿರುತ್ತದೆ. ಆಫ್ ಮಾಡಿದ ಮೇಲೆ ಬೀಗ ಹಾಕುವಂತಿರಬೇಕು. ಇಲ್ಲದಿದ್ದರೆ ಅವನು ಒಳಗೆ ವೈರು ಸುಲಿಯುತ್ತಿರುವಾಗ ಹೊರಗಿನಿಂದ ಬಂದ ಮಗರಾಯ ಮೊಬೈಲ್ ಚಾರ್ಜಿಗೆಂದು ಆನ್ ಮಾಡಿಬಿಟ್ಟಾನು! ಇಷ್ಟಕ್ಕೆ ಎಷ್ಟು ಖರ್ಚು? ನೀವಿಬ್ಬರು ಗೆಳೆಯರು ಮಲ್ಟಿಪ್ಲೆಕ್ಸಿನಲ್ಲಿ ಸಿನಿಮಾ ನೋಡಿ ಪಾಪ್‌ಕಾರ್ನ್ ತಿಂದಷ್ಟು.

ತಲೆಬುರುಡೆಗೆ ಮಾತ್ರ ಕನ್ನಡ!

ಭಾಷೆಯ ಪತ್ರಿಕೆಯಲ್ಲಿ ವೈರಿಂಗ್ ಪುರಾಣ ಯಾಕೆ ಎಂದು ಕೇಳುವವರಿಗೆ ಒಂದು ಮಾತು.

ಟಿಸಿ ಕಂಬದ ಮೇಲಿನ ಅಪಾಯದ ಫಲಕ ನೋಡಿದ್ದೀರಲ್ಲ? ತಲೆಬುರುಡೆ, ಎರಡು ಮೂಳೆ. ಆ ಫಲಕದಲ್ಲಿ ಜಿಲ್ಲೆಯ ಸ್ಥಳೀಯ ಭಾಷೆ ಇರಲೇಬೇಕು ಎಂದು 1956ರ ನಿಯಮಗಳೇ ಹೇಳಿದ್ದವು. ಪ್ರಾಣದ ಪ್ರಶ್ನೆ ಬಂದಾಗ ಜನರ ಭಾಷೆಯಲ್ಲೇ ಹೇಳಬೇಕು ಎಂಬ ವಿವೇಕ ಅಂದಿನವರಿಗೆ ಇತ್ತು. ಆದರೆ ಆ ಫಲಕವನ್ನು ಕನ್ನಡದಲ್ಲಿ ಬರೆಯಿರಿ ಎಂದ ನಿಯಮಗಳ ಪುಸ್ತಕ? ಕೇಂದ್ರದ ಗೆಜೆಟ್ಟು ಹೊರಡುವುದು ಹಿಂದಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ಸಾವಿನ ಫಲಕಕ್ಕೆ ಕನ್ನಡ, ಬದುಕಿಸುವ ನಿಯಮಕ್ಕೆ ಹಿಂದಿ ಮತ್ತು ಇಂಗ್ಲಿಷು. ಇದ್ಯಾವ ನ್ಯಾಯ?

ಕೊಂಡ್ಲಹಳ್ಳಿಯ ಎಲೆಕ್ಟ್ರಿಷಿಯನ್ ಬುದ್ಧಿವಂತ. ಪ್ಯಾಂಟಿನ ಜೇಬಿನಲ್ಲಿರುವ ಟೆಸ್ಟರು ಕೆಲವು ಸಲ ಸುಳ್ಳು ಹೇಳುತ್ತದೆ ಎಂದು ಅವನಿಗೆ ಗೊತ್ತು. ಅದಕ್ಕೇ ಬಲ್ಬಿನ ಟೆಸ್ಟ್ ಲ್ಯಾಂಪು ಹಿಡಿದು, ಮೊದಲು ಕರೆಂಟು ಇರುವ ಕಡೆ ಹೊತ್ತಿಸಿ ನೋಡಿ, ಆಮೇಲೆ ಕೆಲಸದ ಜಾಗ ನೋಡಿ, ಮತ್ತೆ ಇರುವ ಕಡೆ ನೋಡುತ್ತಾನೆ. ಮೇನ್ ಆಫ್ ಆದರೂ ಯುಪಿಎಸ್ ಲೈನಿನಲ್ಲಿ 230 ವೋಲ್ಟು ಇರುತ್ತದೆ ಎಂದೂ ಗೊತ್ತು. ಅವನಿಗೆ ಗೊತ್ತಿಲ್ಲದ್ದು ಒಂದೇ: ಕಟೌಟ್ ಕೇಳುವುದು ತನ್ನ ಹಕ್ಕು ಎಂಬುದು. ಅದನ್ನು ಅವನ ಭಾಷೆಯಲ್ಲಿ ಯಾರೂ ಅವನಿಗೆ ಹೇಳಿಲ್ಲ. ನಿಯಮ ಗೊತ್ತಿದ್ದವನು ಕೇಳುತ್ತಾನೆ, ಗೊತ್ತಿಲ್ಲದವನು ಬೇಡುತ್ತಾನೆ. ಕನ್ನಡದ ಹೋರಾಟ ಎಂದರೆ ನಾಮಫಲಕದ ಹೋರಾಟ ಮಾತ್ರವಲ್ಲ ಗೆಳೆಯರೇ, ಬೇಡುವವನನ್ನು ಕೇಳುವವನನ್ನಾಗಿ ಮಾಡುವ ಹೋರಾಟ.

ಬೆಂಗಳೂರಿನ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ವೈರು ಎಳೆಯುವ ಹುಡುಗ ಒಡಿಶಾದವನೋ ಬಿಹಾರದವನೋ ಆಗಿರಬಹುದು. ಅವನೂ ಕನ್ನಡ ಕಲಿಯಲಿ ಎನ್ನುತ್ತೇವೆ. ನ್ಯಾಯವೇ. ಆದರೆ ಅವನು ಕಲಿತು ಬಂದು "ಸಾರ್, ನಿಮ್ಮ ಸುರಕ್ಷತಾ ನಿಯಮ ಕನ್ನಡದಲ್ಲಿ ಕೊಡಿ, ಓದುತ್ತೇನೆ" ಎಂದರೆ ನಾವು ಅವನ ಕೈಗೆ ಏನು ಕೊಡುತ್ತೇವೆ?

ನಾವು ಕೇಳಬೇಕಾದದ್ದು

ಹೊಸ ಸಂಪರ್ಕ ಕೊಡಲು ಗಡುವು ಇದೆ. ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯಂತೆ ಮಹಾನಗರದಲ್ಲಿ 3 ದಿನ, ಬೇರೆ ಪಟ್ಟಣಗಳಲ್ಲಿ 7, ಹಳ್ಳಿಯಲ್ಲಿ 15. ಕೊಡುವುದಕ್ಕೆ ಗಡುವು ಇಟ್ಟವರು ವೈರಿಂಗ್ ಕೆಲಸಕ್ಕೆಂದು ಒಂದು ದಿನ ತೆಗೆದುಕೊಡುವುದಕ್ಕೂ ಅಷ್ಟೇ ಸ್ಪಷ್ಟವಾದ ಗಡುವು ಇಡಲಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಇರುವುದು ಇಂಥದ್ದಕ್ಕೇ.

ನಮ್ಮ ಬೇಡಿಕೆ ನಾಲ್ಕೇ.

1. ವೈರಿಂಗ್ ಕೆಲಸಕ್ಕೆ ಕರೆಂಟು ತೆಗೆಯಲು ಒಂದು ಪುಟದ ಕನ್ನಡ ಅರ್ಜಿ. ದಿನ, ಗಂಟೆ ಬರೆದು ರಸೀದಿ. ಗೊತ್ತಾದ ಶುಲ್ಕ ಇದ್ದರೆ ಕಟ್ಟೋಣ. ಗೊತ್ತಿಲ್ಲದ "ಖರ್ಚು" ಬೇಡ.

2. ಹೇಳಿದ ಗಂಟೆಗೆ ಪವರ್‌ಮ್ಯಾನ್ ಬರಬೇಕು. ಬರುವಷ್ಟು ಪವರ್‌ಮ್ಯಾನ್‌ಗಳನ್ನು ನೇಮಿಸಬೇಕು.

3. ಹೊಸ ಸಂಪರ್ಕ ಕೊಡುವಾಗ, ಮೀಟರ್ ಬದಲಾಯಿಸುವಾಗ ಕಟೌಟ್ ಮತ್ತು ಬೀಗ ಹಾಕಬಲ್ಲ ಐಸೊಲೇಟರ್ ಎರಡೂ ಇರಲೇಬೇಕು.

4. 2023ರ ಸುರಕ್ಷತಾ ನಿಯಮಾವಳಿ ಕನ್ನಡದಲ್ಲಿ, ಎಲೆಕ್ಟ್ರಿಷಿಯನ್ನನ ಚೀಲದಲ್ಲಿ ಹಿಡಿಯುವ ಪುಸ್ತಕವಾಗಿ.

ಇನ್ನು ನಿಮ್ಮ ಪಾಲಿನ ಕೆಲಸ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಹೋಳಿಗೆಗೆ ಕೂರುವ ಮುಂಚೆ ಮನೆಯ ಹೊರಗೆ ಹೋಗಿ ಮೀಟರಿನ ಮುಂದೆ ಎರಡು ನಿಮಿಷ ನಿಲ್ಲಿ. ಏನನ್ನೂ ಮುಟ್ಟಬೇಡಿ, ನೋಡಿ ಸಾಕು. ಕಂಬದ ವೈರು ಎಲ್ಲಿಗೆ ಬಂದಿದೆ? ಮೀಟರಿಗಿಂತ ಮೊದಲು ಕಟೌಟ್ ಇದೆಯೇ? ಆಮೇಲೆ ಸ್ವಿಚ್ಚು ಇದೆಯೇ? ಇಲ್ಲದಿದ್ದರೆ ಒಂದು ಕಾಗದ ತೆಗೆದುಕೊಂಡು ಶಾಖಾ ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆಯಿರಿ, ಸ್ವೀಕೃತಿ ಪಡೆಯಿರಿ. ಬೆಸ್ಕಾಂ ಸೀಮೆಯಲ್ಲಿದ್ದರೆ 1912ಕ್ಕೆ ಫೋನು ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಪರ್ಮಿಟ್ ಇರುವ ಎಲೆಕ್ಟ್ರಿಷಿಯನ್ನನನ್ನೇ ಕರೆಯಿರಿ. ಅವನು "ಕರೆಂಟು ತೆಗೆಸೋವರೆಗೂ ಮುಟ್ಟಲ್ಲ" ಎಂದರೆ ಸೋಮಾರಿ ಎನ್ನಬೇಡಿ. ಆ ದಿನದ ಕೂಲಿ ಕೊಟ್ಟು ಟೀ ಕುಡಿಸಿ. ಅವನು ಕಾಯುತ್ತಿರುವುದು ತನ್ನ ಹೆಂಡತಿ ಮಕ್ಕಳಿಗಾಗಿ, ನಿಮ್ಮ ಅಪ್ಪ ಅಮ್ಮನಿಗಾಗಿಯೂ ಕೂಡ.

ಕರೆಂಟು ಕೊಡಿ ಎಂದು ನಮ್ಮ ಹಿರಿಯರು ಬೀದಿಗಿಳಿದು ಹೋರಾಡಿದರು, ಪಡೆದರು. ದೀಪ ಹೊತ್ತಿಸಿಕೊಳ್ಳುವ ಹಕ್ಕು ಅವರ ಗಳಿಕೆ. ಬೇಕಾದಾಗ ಸುರಕ್ಷಿತವಾಗಿ ಆರಿಸುವ ಹಕ್ಕನ್ನು ಕೇಳಿ ಪಡೆಯಬೇಕಾದದ್ದು ನಮ್ಮ ಸರದಿ.

ಥಿಯೇಟರಿನ ಮುಂದಿನ ಕಟೌಟ್ ನೂರು ದಿನ ನಿಂತರೆ ಹೆಚ್ಚು. ಮನೆಯ ಗೋಡೆಯ ಮೇಲಿನ ಕಟೌಟ್ ನಿಂತರೆ ಒಂದು ತಲೆಮಾರು ಉಳಿಯುತ್ತದೆ. ಯಾವುದಕ್ಕೆ ಜೈಕಾರ ಹಾಕುತ್ತೀರಿ, ನೀವೇ ಹೇಳಿ.